ಮೂವತ್ತು ದಿನ ಮೀರಿದವರು

ವರ್ನಾ ಕೋಸ್ಟೆಲಿಕ್‌ಗೆ ಊರಿನವರು ಹೆದರುತ್ತಿದ್ದರು ಎಂದರೆ ತಪ್ಪಾದೀತು. ಆದರೆ ಅವಳ ಬಸ್ಸಿನಲ್ಲಿ ಯಾರೂ ಒದ್ದೆ ಬೂಟುಗಳನ್ನು ಎದುರಿನ ಸೀಟಿನ ಮೇಲೆ ಇಡುತ್ತಿರಲಿಲ್ಲ. ಇಟ್ಟವರನ್ನು ಕನ್ನಡಿಯಲ್ಲೇ ಒಮ್ಮೆ ನೋಡುತ್ತಿದ್ದಳು. ಆಮೇಲೂ ಇಟ್ಟರೆ ಬಸ್ಸು ನಿಲ್ಲುತ್ತಿತ್ತು. ಹಿಮ ಸುರಿಯಲಿ, ಹಿಂದೆ ಕಾರುಗಳ ಸಾಲು ಹಾರ್ನ್ ಹೊಡೆಯಲಿ, ಬೂಟು ಕೆಳಗಿಳಿಯುವ ತನಕ ಬಸ್ಸು ಅಲುಗುತ್ತಿರಲಿಲ್ಲ.

ಸ್ಟೀಪಲ್ ಗಲ್ಚ್ ಎಂಬ ಆ ಅಮೆರಿಕದ ಬೆಟ್ಟದೂರಿನಲ್ಲಿ ಅವಳ ಅಜ್ಜ ಗಣಿಯಲ್ಲಿ ದುಡಿದವನು, ಅಪ್ಪ ಹಿಮದ ಮೇಲೆ ಜಾರಲು ಬಂದವರನ್ನು ಬೆಟ್ಟಕ್ಕೆ ಏರಿಸುವ ಸ್ಕೀ ಲಿಫ್ಟಿನ ಕಂಬಗಳನ್ನು ನೆಟ್ಟವನು. ಅವಳು ಊರಿನ ಬಸ್ಸಿನ ಸ್ಟೀರಿಂಗ್ ಹಿಡಿದಳು. ಗಂಡ ಮಾರ್ಟಿ ಒಂದು ಚಳಿಗಾಲದ ಕೊನೆಗೆ ಸ್ಕೀ ಕಲಿಸುವ ಹುಡುಗಿಯೊಬ್ಬಳ ಜೊತೆ ಮೊಂಟಾನಾಕ್ಕೆ ಹೋದ. "ಹೋದದ್ದು ಹೋದ, ಹಿಮ ತೋಡೋ ಸಲಿಕೇನಾದ್ರೂ ಬಿಟ್ಟು ಹೋಗಬಾರ್ದಿತ್ತಾ" ಎಂದಷ್ಟೇ ಅವಳು ಅಂದದ್ದು. ಆ ವರ್ಷವೇ ಲಿಫ್ಟಿನ ಹಿಂಬದಿಯ ಟ್ಯಾಮರಾಕ್ ಎಂಬ ಕಂದು ಬಣ್ಣದ ಕಟ್ಟಡದಲ್ಲಿ ಎರಡು ಕೋಣೆಯ ಮನೆ ಕೊಂಡಳು.

ಆಗ ಅದು ನೋಡಲು ಚೆನ್ನಾಗಿರಲಿಲ್ಲ. ಅಡುಗೆಯವರು, ಲಿಫ್ಟಿನವರು, ಒಬ್ಬ ಹಲ್ಲಿನ ಡಾಕ್ಟರು ಇದ್ದರು. ಮೆಟ್ಟಿಲ ಮೇಲೆ ಯಾವಾಗಲೂ ಕರಿದ ಈರುಳ್ಳಿಯ ವಾಸನೆ. ಆಮೇಲೆ ಬೆಟ್ಟಕ್ಕೆ ಹೊಸ ಯಜಮಾನರು ಬಂದರು, ಹೊಸ ಲಿಫ್ಟುಗಳು ಬಂದವು, ಮನೆಗಳ ಬೆಲೆ ಏರಿತು. ಒಬ್ಬೊಬ್ಬರಾಗಿ ಮಾರಿ ಕಣಿವೆಯ ಕೆಳಗಿನ ಊರುಗಳಿಗೆ ಇಳಿದರು. ಕೊಂಡವರು ಡಲ್ಲಾಸ್‌ನಲ್ಲೋ ಶಿಕಾಗೋದಲ್ಲೋ ಇದ್ದುಕೊಂಡು ಎರಡು ರಾತ್ರಿ, ಮೂರು ರಾತ್ರಿಯ ಲೆಕ್ಕದಲ್ಲಿ ಪ್ರವಾಸಿಗರಿಗೆ ಬಾಡಿಗೆಗೆ ಬಿಟ್ಟರು. ಪ್ರತಿ ಬಾಗಿಲಿಗೂ ಅಂಕಿ ಒತ್ತುವ ಬೀಗ ಬಂತು. ಕೊನೆಗೆ ಇಡೀ ಕಟ್ಟಡದಲ್ಲಿ ತನ್ನ ಹಾಸಿಗೆಯಲ್ಲಿ ತಾನೇ ಮಲಗುವವಳು ವರ್ನಾ ಒಬ್ಬಳೇ ಉಳಿದಳು.

ಪ್ರವಾಸಿಗರು ಅವಳನ್ನು ಕೆಲಸದವಳೆಂದೇ ತಿಳಿಯುತ್ತಿದ್ದರು. ಒಂದು ಸಂಜೆ ಬಿಳಿ ಟವೆಲ್ ನಿಲುವಂಗಿ ತೊಟ್ಟವನೊಬ್ಬ ಬಾಗಿಲು ಬಡಿದ.

"ಹೊರಗಿನ ಸ್ನಾನದ ತೊಟ್ಟೀಲಿ ನೀರು ಬಿಸಿ ಇಲ್ಲ" ಅಂದ.

"ಜೂನ್ ತಿಂಗಳವರೆಗೆ ಕಾಯಿ, ತಾನೇ ಬಿಸಿ ಆಗುತ್ತೆ" ಎಂದು ವರ್ನಾ ಬಾಗಿಲು ಹಾಕಿಕೊಂಡಳು.

ಜನವರಿಯಲ್ಲಿ ಒಂದು ಬೆಳಿಗ್ಗೆ ಬಸ್ಸು ತೆಗೆಯಲು ಹೋದಾಗ, ಡಿಪೋದ ಪಕ್ಕ ನಿಂತಿದ್ದ ಕಾರೊಂದರ ಒಳಗೆ ಯಾರೋ ಗಾಜು ಕೆರೆಯುತ್ತಿರುವುದು ಕಂಡಿತು. ಹೊರಗಿನಿಂದಲ್ಲ, ಒಳಗಿನಿಂದ. ಉಸಿರು ಹೆಪ್ಪುಗಟ್ಟಿ ಗಾಜಿಗೆ ಅಂಟಿಕೊಂಡಿತ್ತು. ವರ್ನಾ ಬಳಿ ಹೋಗಿ ಇಣುಕಿದಳು. ಬೆಟ್ಟದ ಬುಡದ ಕ್ಲಿನಿಕ್ಕಿನಲ್ಲಿ ಮುರಿದ ಕಾಲುಗಳಿಗೆ ಪಟ್ಟಿ ಕಟ್ಟುವ ನರ್ಸ್, ಇಟ್ಜೆಲ್ ಬರ್ರಾಗನ್. ದಿನಾ ಬಸ್ಸಿನಲ್ಲಿ ನೋಡುವ ಮುಖ.

"ಎಷ್ಟು ದಿನದಿಂದ ಹಿಂಗೆ?"

"ನವೆಂಬರಿನ ಥ್ಯಾಂಕ್ಸ್‌ಗಿವಿಂಗ್ ಹಬ್ಬದಿಂದ. ಇದ್ದ ಮನೇನ ಪ್ರವಾಸಿಗರಿಗೆ ಬಿಡ್ತೀವಿ ಅಂತ ಖಾಲಿ ಮಾಡಿಸಿದ್ರು." ಇಟ್ಜೆಲ್ ದನಿಯಲ್ಲಿ ಅಳು ಇರಲಿಲ್ಲ, ಸಿಟ್ಟಿತ್ತು. "ಪೊಲೀಸಿನೋರು ನಿನ್ನೆ ಬಂದು, ಕಾರಲ್ಲಿ ಮಲಗೋ ಹಾಗಿಲ್ಲ ಅಂದ್ರು. ಮನೇಲೂ ಇಲ್ಲ, ಕಾರಲ್ಲೂ ಇಲ್ಲ. ಬೆಳಿಗ್ಗೆ ಕೆಲಸಕ್ಕೆ ಮಾತ್ರ ಬರಬೇಕು."

"ನನ್ನಲ್ಲೊಂದು ಕೋಣೆ ಖಾಲಿ ಇದೆ. ಗಂಟುಮೂಟೆ ತಗೊಂಡು ಬಾ."

"ನನ್ನನ್ನ ಧರ್ಮಕ್ಕೆ ಯಾರೂ ಇಟ್ಕೋಬೇಕಾಗಿಲ್ಲ. ಬಾಡಿಗೆ ಕೊಡ್ತೀನಿ."

"ಕೊಡದೆ ಬಿಟ್ಟೇನಾ? ಮುಂಚೇನೇ ಹೇಳ್ತೀನಿ, ನಾನು ಗೊರಕೆ ಹೊಡೀತೀನಿ."

ಇಟ್ಜೆಲ್ ಬಂದಳು. ಅವಳು ಬಂದ ವಾರವೇ ಮೆಟ್ಟಿಲ ಮೇಲೆ ಬಹಳ ವರ್ಷಗಳ ಮೇಲೆ ಈರುಳ್ಳಿ ಕರಿದ ವಾಸನೆ ಬಂತು, ಜೊತೆಗೆ ಸುಟ್ಟ ಹಸಿಮೆಣಸಿನಕಾಯಿಯದ್ದು.

ಟ್ಯಾಮರಾಕ್ ಕಟ್ಟಡದ ಮಾಲೀಕರ ಸಂಘಕ್ಕೆ ಆಗ ಗ್ರ್ಯಾಡಿ ಪೆನ್‌ಹ್ಯಾಲೋ ಅಧ್ಯಕ್ಷ. ಡಲ್ಲಾಸ್‌ನವನು, ಮಾತು ನಯ. ಹಿಂದಿನ ವರ್ಷ ಸಂಘ ಫೋನಿನಲ್ಲೇ ಸಭೆ ನಡೆಸಿ ಒಂದು ನಿಯಮ ಮಾಡಿತ್ತು: ಮಾಲೀಕರನ್ನು ಬಿಟ್ಟು ಬೇರೆ ಯಾರೂ ಈ ಕಟ್ಟಡದಲ್ಲಿ ಮೂವತ್ತು ದಿನಕ್ಕಿಂತ ಹೆಚ್ಚು ಇರುವಂತಿಲ್ಲ. ಬೇಡ ಎಂದವಳು ವರ್ನಾ ಒಬ್ಬಳೇ. ಫೆಬ್ರವರಿಯ ರಜೆಗೆ ಪೆನ್‌ಹ್ಯಾಲೋ ಕುಟುಂಬದೊಂದಿಗೆ ಸ್ಕೀ ಮಾಡಲು ಬಂದಾಗ ಮೆಟ್ಟಿಲ ಮೇಲೆ ಅವಳನ್ನು ತಡೆದ.

"ವರ್ನಾ, ವೈಯಕ್ತಿಕವಾಗಿ ತಗೋಬೇಡಿ. ಖಾಯಂ ಬಾಡಿಗೆದಾರರು ಬಂದ್ರೆ ಪಾರ್ಕಿಂಗ್ ತುಂಬುತ್ತೆ, ವಿಮೆ ಏರುತ್ತೆ. ಮಾರುವಾಗ ಎಲ್ಲರಿಗೂ ನಷ್ಟ, ನಿಮಗೂ."

"ನಾನು ಮಾರೋಳಲ್ಲ. ಅದಿರ್ಲಿ, ಹೋದ ವಾರ ನಿಮ್ಮ ಮನೇಲಿ ಹನ್ನೊಂದು ಜನ ಇದ್ರು. ಅದ್ರಲ್ಲೊಬ್ಬ ನನ್ನ ಬಾಗಿಲ ಮುಂದೆ ವಾಂತಿ ಮಾಡಿದ. ಅವನಿಗೆ ನಿಯಮ ಇಲ್ವಾ?"

"ಅವನು ಮೂರನೇ ದಿನ ಹೊರಟುಹೋದ್ನಲ್ಲ."

"ಒರೆಸಿದ್ದು ಇಟ್ಜೆಲ್. ಅಂದ್ರೆ ವಾಂತಿ ಮಾಡೋನು ಇರಬಹುದು, ಒರೆಸೋಳು ಇರಬಾರದು. ಬರೆದು ಗೋಡೆಗೆ ಹಾಕಿ, ಎಲ್ಲರಿಗೂ ಅರ್ಥ ಆಗುತ್ತೆ."

ಪೆನ್‌ಹ್ಯಾಲೋ ಮುಗುಳ್ನಕ್ಕು ಪಕ್ಕಕ್ಕೆ ಸರಿದ. ವಾರ ಕಳೆಯುವುದರೊಳಗೆ ದಂಡ ಬಿತ್ತು. ವರ್ನಾ ಕಟ್ಟಲಿಲ್ಲ. ಮತ್ತೆ ಬಿತ್ತು. ಇಟ್ಜೆಲ್‌ಳ ಕಾರನ್ನು ಸಂಘದವರು ಪಾರ್ಕಿಂಗಿನಿಂದ ಎಳೆಸಿಕೊಂಡು ಹೋದರು. ಬಸ್ಸಿಲ್ಲದ ಹೊತ್ತಿನ ಪಾಳಿಗೆ ಅವಳು ಕ್ಲಿನಿಕ್ಕಿಗೆ ನಡೆದೇ ಹೋಗತೊಡಗಿದಳು. ಆಮೇಲೊಂದು ಮಧ್ಯಾಹ್ನ ಕೆಳಗಿನ ದೊಡ್ಡ ಬಾಗಿಲು ಅವಳ ಎಲೆಕ್ಟ್ರಾನಿಕ್ ಕೀಲಿಗೆ ತೆರೆಯಲೇ ಇಲ್ಲ; ಸಂಘದವರು ಅದನ್ನು ರದ್ದು ಮಾಡಿದ್ದರು. ಮೊಣಕಾಲುದ್ದದ ಹಿಮದಲ್ಲಿ ಅವಳು ವರ್ನಾ ಬರುವ ತನಕ ನಿಂತಿದ್ದಳು.

"ನಾನು ಹೋಗ್ತೀನಿ ವರ್ನಾ. ನನ್ನಿಂದ ನಿಮ್ಮ ಮನೆ ಕೈಬಿಟ್ಟು ಹೋಗೋದು ಬೇಡ" ಎಂದು ಅವತ್ತು ಇಟ್ಜೆಲ್ ಚೀಲ ತುಂಬತೊಡಗಿದಳು.

ವರ್ನಾ ಚೀಲವನ್ನು ತಲೆಕೆಳಗು ಮಾಡಿ ಹಾಸಿಗೆ ಮೇಲೆ ಸುರಿದಳು. "ನೋಡು, ನೀನು ಹೋದ್ರೆ ಅವರು ಗೆದ್ದದ್ದು ನಿನ್ನ ಮೇಲಲ್ಲ, ನನ್ನ ಮೇಲೆ. ಆ ಸುಖ ನಾನು ಮಾರ್ಟಿಗೇ ಕೊಟ್ಟಿಲ್ಲ, ಇವರಿಗೆ ಕೊಡ್ತೀನಾ?"

ಮರುದಿನ ಅವಳಿಗೆ ರಜೆ. ಅಡುಗೆಮನೆಯ ಕುರ್ಚಿಯನ್ನು ಹೊತ್ತು ಕೆಳಗಿಳಿದು, ದೊಡ್ಡ ಬಾಗಿಲನ್ನು ಪೂರ್ತಿ ತೆರೆದು, ಹೊಸ್ತಿಲ ಮೇಲೆ ಕುರ್ಚಿ ಹಾಕಿ, ಬಸ್ಸಿನ ದಪ್ಪ ಕೋಟು ತೊಟ್ಟು ಕುಳಿತಳು. ಮೊಗಸಾಲೆಯ ಹೀಟರು ಹೊರಗಿನ ಬೆಟ್ಟವನ್ನೆಲ್ಲ ಕಾಯಿಸಲು ಹೊರಟಂತೆ ಗುಂಯ್ಗುಟ್ಟಿತು. ಸ್ಕೀ ಹೊತ್ತು ಒಳಹೊರಗೆ ಓಡಾಡುವ ಪ್ರತಿಯೊಬ್ಬರೂ ಕೇಳಿದರು, ಬಾಗಿಲು ಯಾಕೆ ತೆಗೆದಿದ್ದೀರಿ ಎಂದು. ಪ್ರತಿಯೊಬ್ಬರಿಗೂ ಅವಳು ಅದೇ ಮಾತು ಹೇಳಿದಳು: "ನಿಮ್ಮ ಕಾಲು ಮುರಿದ್ರೆ ಕಟ್ಟೋ ಹುಡುಗಿ ಇಲ್ಲಿರ್ತಾಳೆ. ಅವಳಿಗೆ ಒಳಗೆ ಬರೋಕೆ ಈ ಬಾಗಿಲು ತೆಗೆಯಲ್ಲ. ಅದಕ್ಕೆ ನಾನು ತೆಗೆದಿದ್ದೀನಿ."

ಕೆಲವರು ಮುಖ ಸಿಂಡರಿಸಿದರು. ಒಬ್ಬಳು ಮ್ಯಾನೇಜರಿಗೆ ದೂರು ಕೊಡುತ್ತೇನೆಂದಳು. "ಕೊಡಮ್ಮ, ಜೋರಾಗಿ ಕೊಡು" ಅಂದಳು ವರ್ನಾ. ಮೇಲಿನ ಮನೆಯಲ್ಲಿ ಇಳಿದುಕೊಂಡಿದ್ದ ವಯಸ್ಸಾದ ಗಂಡಹೆಂಡಿರು ಬಟ್ಟಲು ತುಂಬ ಬಿಸಿ ಸೂಪು ತಂದುಕೊಟ್ಟು ಪಕ್ಕದಲ್ಲೇ ನಿಂತರು. ರಜೆ ಇದ್ದ ದಿನವೆಲ್ಲ ಅವಳು ಹಾಗೆ ಕುಳಿತಳು. ಅವಳಿಗೆ ಪಾಳಿ ಇದ್ದಾಗ ಇನ್ನೊಬ್ಬ ಡ್ರೈವರ್ ಬಂದು ಕುಳಿತ. ಪ್ರವಾಸಿಗರು ಮನೆಗೆ ಹೋದ ಮೇಲೆ ಇಂಟರ್ನೆಟ್ಟಿನಲ್ಲಿ ಬರೆದರು: ನೋಟ ಚೆನ್ನಾಗಿದೆ, ಬಾಗಿಲಲ್ಲೊಬ್ಬ ಅಜ್ಜಿ ಇದ್ದಾಳೆ, ಅವಳು ಹೇಳುವುದು ಸರಿ. ಮಾರ್ಚ್ ರಜೆಗೆ ಕಾದಿರಿಸಿದ್ದವರು ಕೆಲವರು ಬೇಡವೆಂದರು. ಅದಾಗಿ ಇಟ್ಜೆಲ್‌ಳ ಕೀಲಿ ಮತ್ತೆ ಕೆಲಸ ಮಾಡತೊಡಗಿತು. ದಂಡ ಮಾತ್ರ ಉಳಿಯಿತು. ಕಟ್ಟದಿದ್ದರೆ ಮನೆಯನ್ನೇ ಹರಾಜಿಗೆ ತರುತ್ತೇವೆಂದು ವಕೀಲನ ನೋಟಿಸೂ ಬಂತು.

ಆ ಹೊತ್ತಿಗೆ ಊರಿನ ಕೌನ್ಸಿಲ್ ಮುಂದೆ ಒಂದು ಹೊಸ ಕಾನೂನು ಬಂದಿತ್ತು. ಅದರಲ್ಲಿ ಎರಡು ಭಾಗ. ಪ್ರವಾಸಿಗರಿಗೆ ಬಾಡಿಗೆ ಬಿಡುವ ಲೈಸೆನ್ಸುಗಳಿಗೆ ಮಿತಿ ಹಾಕುವುದು ಒಂದು. ಊರಲ್ಲಿ ದುಡಿಯುವವರು ವಾಸ ಮಾಡುವುದನ್ನು ಯಾವ ಕಟ್ಟಡದ ಸಂಘವೂ ತಡೆಯುವಂತಿಲ್ಲ ಎನ್ನುವುದು ಇನ್ನೊಂದು. ಏಳು ಸದಸ್ಯರಲ್ಲಿ ಮೂವರು ಈ ಕಡೆ, ಮೂವರು ಆ ಕಡೆ. ನಡುವೆ ಓಟಿಸ್ ವಾರ್ಡ್ಲ್. ಟ್ರಕ್ಕಿನಲ್ಲಿ ರಸ್ತೆಯ ಹಿಮ ತಳ್ಳುವವನು, ವರ್ನಾಳ ಶಾಲೆಯ ಗೆಳೆಯ. ಸತ್ತುಹೋದ ತಾಯಿಯ ಮನೆಯನ್ನು ಅವನೂ ಪ್ರವಾಸಿಗರಿಗೇ ಬಿಡುತ್ತಿದ್ದ.

ಅವನು ಬಸ್ಸು ಹತ್ತಿದ ದಿನ ವರ್ನಾ ನೇರವಾಗಿ ಕೇಳಿದಳು. "ನಿನ್ನ ಓಟು ಯಾವ ಕಡೆ, ಓಟಿಸ್?"

"ಬಸ್ಸಲ್ಲಿ ಕೇಳೋ ಮಾತೇನೇ ಇದು?"

"ನಿನ್ನನ್ನ ಹಿಡಿದು ಕೂರಿಸೋಕೆ ನನಗೆ ಬೇರೆ ಜಾಗ ಇಲ್ವಲ್ಲ."

ಓಟಿಸ್ ಕೈಗವಸು ತೆಗೆದು ಮತ್ತೆ ಹಾಕಿಕೊಂಡ. "ನನ್ನ ಹೊಟ್ಟೆಪಾಡೂ ನೋಡು. ಅಮ್ಮನ ಮನೆ ಬಾಡಿಗೆ ಇಲ್ದಿದ್ರೆ ನಾನೂ ಕಣಿವೆ ಕೆಳಗೆ ಇಳೀಬೇಕಾಗುತ್ತೆ. ಈ ಊರಿನೋಳು ನೀನೊಬ್ಬಳೇ ಅಲ್ಲ."

ಅದು ಸುಳ್ಳಲ್ಲ ಎಂದು ವರ್ನಾಗೆ ಗೊತ್ತಿತ್ತು. ಅದಕ್ಕೇ ಇನ್ನೂ ಸಿಟ್ಟು ಬಂತು. "ಹಂಗಾದ್ರೆ ನಿನ್ನ ಮನೆ ಪ್ರವಾಸಿಗರ ದಾರಿಯ ಹಿಮ ಯಾರು ತೋಡ್ತಾರೆ, ಹಾಸಿಗೆ ಯಾರು ಬದಲಾಯಿಸ್ತಾರೆ, ನಾವೆಲ್ಲ ಇಳಿದು ಹೋದ್ಮೇಲೆ?" ಅಂದಳು. ಓಟಿಸ್ ಮುಂದಿನ ನಿಲ್ದಾಣದಲ್ಲೇ ಇಳಿದ. ಅದು ಅವನ ನಿಲ್ದಾಣವಲ್ಲ.

ಸಭೆಯ ಸಂಜೆ ಕೌನ್ಸಿಲ್ ಕೋಣೆಯಲ್ಲಿ ನಿಲ್ಲಲು ಜಾಗವಿರಲಿಲ್ಲ. ಕ್ಲಿನಿಕ್ಕಿನವರು ಕೆಲಸದ ಬಟ್ಟೆಯಲ್ಲೇ ಬಂದಿದ್ದರು, ಲಿಫ್ಟಿನವರ ಬೂಟುಗಳಿಂದ ನೆಲವೆಲ್ಲ ಕೆಸರು. ಪೆನ್‌ಹ್ಯಾಲೋ ಪರದೆಯ ಮೇಲೆ ಕಾಣಿಸಿಕೊಂಡು ಆಸ್ತಿಯ ಹಕ್ಕಿನ ಬಗ್ಗೆ ಚೆನ್ನಾಗಿಯೇ ಮಾತಾಡಿದ. ವರ್ನಾಳ ಸರದಿ ಬಂತು. ಬಸ್ಸಿನಲ್ಲಿ ಅಷ್ಟು ಬಾಯಿ ಮಾಡುವವಳು ಮೈಕನ್ನು ಎರಡೆರಡು ಸಲ ಸರಿಮಾಡಿದಳು. ಬರೆದುಕೊಂಡು ಬಂದದ್ದನ್ನು ಮಡಚಿ ಜೇಬಿಗೆ ಹಾಕಿದಳು.

"ಆ ಮನೆ ನನ್ನ ಆಸ್ತಿ, ನಾನೂ ಹಕ್ಕಿನ ಮಾತೇ ಆಡೋದು" ಅಂದಳು. "ನನ್ನ ಮನೇಲಿ ಎಂಟು ಜನ ಕುಡುಕರನ್ನ ಎರಡು ದಿನ ಇಟ್ಕೋಬಹುದಂತೆ. ಒಬ್ಬ ನರ್ಸನ್ನ ಇಟ್ಕೋಬಾರದಂತೆ. ನೀವು ಇವತ್ತು ಏನೇ ಮಾಡಿ, ಅವಳು ಅಲ್ಲೇ ಇರ್ತಾಳೆ. ಹರಾಜು ಹಾಕೋರು ಬಂದ್ರೆ ಬರ್ಲಿ. ನಾವಿಬ್ಬರೂ ಒಳಗಿರ್ತೀವಿ."

ಓಟಿಸ್ ಎದ್ದು, ಎರಡು ಭಾಗಗಳನ್ನೂ ಬೇರೆಬೇರೆಯಾಗಿ ಮತಕ್ಕೆ ಹಾಕಬೇಕೆಂದ. ಹಾಕಿದರು. ಲೈಸೆನ್ಸಿನ ಮಿತಿ ಬಿದ್ದುಹೋಯಿತು. ಬೀಳಿಸಿದ್ದು ಅವನ ಓಟು. ವಾಸ ಮಾಡುವುದನ್ನು ಯಾರೂ ತಡೆಯುವಂತಿಲ್ಲ ಎನ್ನುವುದು ಗೆದ್ದಿತು. ಗೆಲ್ಲಿಸಿದ್ದೂ ಅವನ ಓಟೇ. ಕೋಣೆಯ ಹಿಂದೆ ಇಟ್ಜೆಲ್ ಮುಖ ಮುಚ್ಚಿಕೊಂಡು ಕುಳಿತುಬಿಟ್ಟಳು. ಹೊರಗೆ ಓಟಿಸ್ ಥ್ಯಾಂಕ್ಸ್ ನಿರೀಕ್ಷಿಸಿ ಬಂದು ನಿಂತ.

"ಅರ್ಧ ಕೊಟ್ಟಿದ್ದೀಯ. ಅರ್ಧಕ್ಕೆ ನಾನು ಕೈ ಮುಗಿಯಲ್ಲ" ಎಂದು ವರ್ನಾ ಅವನನ್ನು ದಾಟಿ ನಡೆದಳು.

ಸಂಘದ ವಕೀಲ ನೋಟಿಸು ಹಿಂದಕ್ಕೆ ತೆಗೆದುಕೊಂಡ, ದಂಡ ರದ್ದಾಯಿತು. ಆ ಬೇಸಿಗೆಯಲ್ಲಿ ಶಿಕಾಗೋದ ಮಾಲೀಕಳೊಬ್ಬಳು ತನ್ನ ಮನೆಯನ್ನು ಲಿಫ್ಟಿನ ಮೆಕ್ಯಾನಿಕ್ ಕುಟುಂಬಕ್ಕೆ ವರ್ಷದ ಬಾಡಿಗೆಗೆ ಕೊಟ್ಟಳು. ಅಷ್ಟೇ, ಉಳಿದ ಬಾಗಿಲುಗಳಿಗೆ ಅಂಕಿಯ ಬೀಗಗಳೇ ಇದ್ದವು. ಪೆನ್‌ಹ್ಯಾಲೋ ಅಧ್ಯಕ್ಷನಾಗಿಯೇ ಮುಂದುವರಿದ.

ಮರುವರ್ಷದ ಏಪ್ರಿಲ್ ಚುನಾವಣೆಗೆ ವರ್ನಾ ಓಟಿಸ್‌ನ ಸ್ಥಾನಕ್ಕೇ ಅರ್ಜಿ ಹಾಕಿದಳು. ಅಮೆರಿಕದ ಪೌರತ್ವ ಇನ್ನೂ ಸಿಗದೆ ಮತದ ಹಕ್ಕಿಲ್ಲದ ಇಟ್ಜೆಲ್ ಕ್ಲಿನಿಕ್ ಮುಗಿಸಿಕೊಂಡು ಮನೆಮನೆಗೆ ಹೋಗಿ ಅವಳಿಗಾಗಿ ಬಾಗಿಲು ತಟ್ಟಿದಳು. ಅರ್ಧಕ್ಕರ್ಧ ಮನೆಗಳಲ್ಲಿ ಓಟಿಲ್ಲದ ಪ್ರವಾಸಿಗರೇ ಸಿಕ್ಕರು. ವರ್ನಾ ಸೋತಳು. ಹೆಚ್ಚು ಅಂತರವೇನೂ ಅಲ್ಲ, ಆದರೂ ಸೋಲು ಸೋಲೇ. ಮರುದಿನ ಬೆಳಿಗ್ಗೆ ಓಟಿಸ್ ಬಸ್ಸು ಹತ್ತಿ ಅವಳ ಹಿಂದಿನ ಸೀಟಿನಲ್ಲಿ ಕುಳಿತ.

"ಬೇಜಾರಾಯ್ತೇನೇ?" ಅಂದ.

"ಆಗ್ದೆ ಇರುತ್ತಾ?" ವರ್ನಾ ಗೇರು ಹಾಕಿದಳು. "ಮುಂದಿನ ಸಲಾನೂ ನಿಲ್ತೀನಿ. ಅಷ್ಟರಲ್ಲಿ ನೀನು ಆ ಲೈಸೆನ್ಸಿನ ಮಿತಿ ಮತ್ತೆ ತಂದ್ರೆ ನನಗೆ ಅಷ್ಟು ಕಷ್ಟ ತಪ್ಪುತ್ತೆ. ಸೀಟಿನ ಮೇಲಿರೋ ಬೂಟು ಕೆಳಗಿಡು."