ಮಹಡಿಯ ರೌಟರ್, ಕೆಳಗಿನ ಸ್ವಿಚ್ಚು

ಮದುವೆಯಾದ ಹೊಸದರಲ್ಲಿ, ಬಾಡಿಗೆ ಮನೆ ಸಿಗುವ ತನಕ ಇರೋಣವೆಂದು ನಾನೂ ಹೆಂಡತಿಯೂ ತುಮಕೂರಿನ ಶಿರಾ ಗೇಟಿನ ಹಿಂದಿನ ಬೀದಿಯಲ್ಲಿರುವ ಮಾವನವರ ಮನೆಯ ಮಹಡಿಗೆ ಬಂದೆವು. ನಮ್ಮ ಮಗಳು ಈಗ ಮೂರನೇ ತರಗತಿಯಲ್ಲಿದ್ದಾಳೆ. ಬಾಡಿಗೆ ಮನೆ ಇನ್ನೂ ಸಿಕ್ಕಿಲ್ಲ.

ಮಾವನವರು ಕೆಟ್ಟವರಾಗಿದ್ದರೆ ಎಂದೋ ಹೊರಟುಬಿಡಬಹುದಿತ್ತು. ದುರದೃಷ್ಟವಶಾತ್ ಅವರು ಒಳ್ಳೆಯವರು. ನಿಟ್ಟೂರಿನ ತೋಟದಿಂದ ಎಳನೀರು ಬಂದರೆ ಮೊದಲನೆಯದು ನನಗೇ. ನಾನು ಚಪ್ಪಲಿ ಮೆಟ್ಟಿದರೆ “ಎಲ್ಲಿಗೆ ಅಳಿಯಂದ್ರೆ?” ಎನ್ನುತ್ತಾರೆ, ಬಿಟ್ಟರೆ “ಯಾಕೆ ಲೇಟು?” ಎನ್ನುತ್ತಾರೆ. ಗುಬ್ಬಿಯಲ್ಲಿ ನಾನು ಹುಟ್ಟಿ ಬೆಳೆದ ಮನೆಗೆ ಹೋಗಿ ಒಂದು ರಾತ್ರಿ ಉಳಿಯಲು ನಾನು ಒಪ್ಪಿಸುವ ಕಾರಣಗಳಿಗೆ ಯಾವ ಜೈಲಿನಲ್ಲಾದರೂ ಪೆರೋಲು ಸಿಕ್ಕೀತು.

ಹೀಗಿರುವಾಗ ಕುಣಿಗಲ್ಲಿನ ಕಾಲೇಜೊಂದಕ್ಕೆ ಇತಿಹಾಸದ ಉಪನ್ಯಾಸಕರು ಬೇಕಾಗಿದ್ದಾರೆಂದು ತಿಳಿಯಿತು. ನಾನು ತುಮಕೂರಿನಲ್ಲಿ ಅದೇ ಪಾಠ ಮಾಡಿಕೊಂಡಿರುವವನು. ಕೆಲಸ ಸಿಕ್ಕರೆ ಅಲ್ಲೇ ಮನೆ ಮಾಡಬಹುದು. ಜಗಳವಿಲ್ಲ, ಯಾರ ಮನಸ್ಸೂ ನೋಯುವುದಿಲ್ಲ. ಸಕಾರಣವಾದ, ಗೌರವಯುತವಾದ ಬಿಡುಗಡೆ. ಸಂದರ್ಶನ ಮಾತ್ರ ಭಾನುವಾರ, ವಿಡಿಯೋ ಮೂಲಕ ಎಂದರು. ಮನೆಯ ರೌಟರ್ ಇರುವುದು ನಡುಮನೆಯಲ್ಲಿ, ಮಾವನವರ ಕುರ್ಚಿಯ ಪಕ್ಕದಲ್ಲಿ. ಮಹಡಿಗೆ ಅದರ ಸಿಗ್ನಲ್ಲೂ ಹತ್ತುವುದಿಲ್ಲ, ಮೊಬೈಲಿನದೂ ಇಳಿಯುವುದಿಲ್ಲ. ಮಾವನವರ ಮೊಣಕಾಲಿನ ಪಕ್ಕ ಕುಳಿತು ಮಾವನವರಿಂದ ಪಾರಾಗುವ ಅರ್ಜಿಯ ಬಗ್ಗೆ ಮಾತಾಡುವುದು ಹೇಗೆ? ಮಕ್ಕಳಿಗೆ ನೋಟ್ಸ್ ಕಳಿಸಬೇಕೆಂದು ಹೇಳಿ, ಮಹಡಿಗೆ ಎರಡನೇ ರೌಟರ್ ತಂದೆ.

ಮಾವನವರಿಗೆ ಎಲ್ಲಿಲ್ಲದ ಉತ್ಸಾಹ. ಕೇಬಲ್ಲನ್ನು ಕಿಟಕಿಯಿಂದ ದಾಟಿಸಿ ಮೆಟ್ಟಿಲ ಗೋಡೆಯ ಮೇಲೆ ಹತ್ತಿಸುವಾಗ ಏಣಿ ಹಿಡಿದು ನಿಂತರು. ಹೊಸದನ್ನು ಜೋಡಿಸಿದ್ದೇ ತಡ, ಇಡೀ ಮನೆಯ ಇಂಟರ್‌ನೆಟ್ ನಿಂತಿತು. ಮಾವನವರು ನೋಡುತ್ತಿದ್ದ ಕೊಬ್ಬರಿ ರೇಟಿನ ವಿಡಿಯೋ, ರೇಟು ಹೇಳುವ ಮುಂಚೆಯೇ ಸುತ್ತತೊಡಗಿತು. ವಿಚಾರಿಸಲಾಗಿ, ಎರಡೂ ಪೆಟ್ಟಿಗೆಗಳು ಒಂದೇ ವಿಳಾಸ ಇಟ್ಟುಕೊಂಡು ಯಜಮಾನಿಕೆಗೆ ಕಿತ್ತಾಡುತ್ತಿದ್ದವು. ಹೊಸದಕ್ಕೆ ಬೇರೆ ವಿಳಾಸ ಕೊಟ್ಟು, ಫೋನುಗಳಿಗೆ ವಿಳಾಸ ಹಂಚುವ ಅಧಿಕಾರವನ್ನು ಅದರಿಂದ ಕಿತ್ತುಕೊಂಡೆ. ಆಮೇಲೆ ಎಲ್ಲವೂ ಸುಸೂತ್ರ. ನಾನು ವರ್ಷವರ್ಷವೂ ಪಾಠ ಮಾಡುವ ಸಹಾಯಕ ಸೈನ್ಯ ಪದ್ಧತಿ ಇದೇ: ಸಿಂಹಾಸನ ನಿನ್ನದು, ಆಡಳಿತ ನಮ್ಮದು.

“ಅಂದ್ರೆ ಇದುಕ್ಕೆ ಸ್ವಂತದ್ದು ಅಂತ ಏನೂ ಇಲ್ವಾ?” ಎಂದು ಹೆಂಡತಿ ಕೇಳಿದಳು.

“ದೀಪ ಐತಲ್ಲ.”

“ಪಾಪ. ಹೊಂದ್ಕೊಂಡು ಹೋಗುತ್ತೆ ಬಿಡಿ, ನಿಮ್ ಹಂಗೆ.”

ಭಾನುವಾರ ಇಸ್ತ್ರಿ ಅಂಗಿ ತೊಟ್ಟು, ಕೆಳಗೆ ಲುಂಗಿಯಲ್ಲೇ ಇದ್ದು, ಮಹಡಿಯ ಬಾಗಿಲು ಹಾಕಿಕೊಂಡು ಕುಳಿತೆ. ಆ ಕಡೆ ಮೂವರು. ನಡುವೆ ಕುಳಿತಿದ್ದ ಕಾರ್ಯದರ್ಶಿಯವರು, “ತುಮಕೂರು ಬಿಟ್ಟು ಕುಣಿಗಲ್‌ಗೆ ಯಾಕ್ ಬರ್ತೀರಿ?” ಎಂದು ಕೇಳಿದರು. ಗ್ರಾಮಾಂತರದ ಮಕ್ಕಳ ಭವಿಷ್ಯದ ಬಗ್ಗೆ ಉದಾತ್ತವಾದ ವಾಕ್ಯವೊಂದನ್ನು ಆರಂಭಿಸಿದೆ. ಅದು ಕ್ರಿಯಾಪದಕ್ಕೆ ಬರುವ ಮುನ್ನ ಕಾರ್ಯದರ್ಶಿಯವರು ಬಾಯಿ ತೆರೆದಂತೆಯೇ ನಿಂತುಬಿಟ್ಟರು. ರೌಟರ್ ನೋಡಿದೆ. ದೀಪಗಳು ಉರಿಯುತ್ತಿದ್ದವು.

ಕೆಳಗೆ ಓಡಿದೆ. ನಡುಮನೆಯ ರೌಟರಿನ ಸ್ವಿಚ್ಚು ಆಫ್ ಆಗಿತ್ತು. ಮಾವನವರು ರೌಟರಿನ ನೆತ್ತಿಯ ಮೇಲೆ ಅಂಗೈ ಇಟ್ಟುಕೊಂಡು ಕುಳಿತಿದ್ದರು.

“ಮಾವ, ಸ್ವಿಚ್ ಹಾಕ್ಬೇಕಿತ್ತು.”

“ಕೆಂಡ ಆಗಿತ್ತು ಅಳಿಯಂದ್ರೆ. ಬೆಳಗ್ಗಿಂದ ಓಡ್ತಾ ಐತೆ. ಮೊದ್ಲು ಒಂದು ಮನೆ ಭಾರ, ಈಗ ಮಹಡಿದೂ ಬಿತ್ತು. ಒಂದರ್ಧ ಗಂಟೆ ಆರ್ಲಿ ಅಂತ ಆಫ್ ಮಾಡ್ದೆ.”

“ಇದು ಆರ್ಬೇಕಾಗಿಲ್ಲ ಮಾವ.”

“ನಮ್ಮಣ್ಣನೂ ಹಿಂಗೇ ಅಂತಿದ್ದ. ಕರೆಂಟ್ ಇರೋಗಂಟ ಮೋಟ್ರು ಓಡ್ಸೋನು. ಕಾಯಿಲ್ ಸುಟ್ಟು, ಬಾವಿಂದ ಮೇಲಕ್ಕೆತ್ತಿ ರಿವೈಂಡಿಂಗ್ ಮಾಡ್ಸೋ ಅಷ್ಟೊತ್ಗೆ ಗಿಡ ಒಣಗೋದ್ವು. ನಿಮ್ದು ಮೇಲೆ ಉರೀತಾ ಐತಲ್ಲ?”

“ಉರೀತಾ ಇದೆ. ಇದು ಆರಿದ್ರೆ ಅದ್ರಲ್ಲಿ ಬರೋದು ಬೆಳಕು ಮಾತ್ರ.”

“ಅಂಥಾ ಅರ್ಜೆಂಟ್ ಏನೈತೆ? ನೋಟ್ಸ್ ಸಾಯಂಕಾಲ ಕಳ್ಸಿ ಬುಡಿ.”

ಅಡಿಗೆಮನೆಯಲ್ಲಿ ಹೆಂಡತಿ ಹುರುಳಿಕಾಯಿ ಮುರಿಯುವ ಸದ್ದು ನಿಂತಿತು. ನನ್ನ ಮುಂದೆ ಎರಡೇ ದಾರಿ ಇದ್ದವು: ಸುಮ್ಮನಿದ್ದು ಕುಣಿಗಲ್ಲನ್ನು ಕಳೆದುಕೊಳ್ಳುವುದು, ಇಲ್ಲವೇ ಕಾವಲುಗಾರನ ಬಳಿ ಸುರಂಗ ತೋಡಲು ಗುದ್ದಲಿ ಕೇಳುವುದು.

“ಇಂಟರ್‌ವ್ಯೂ ಮಾವ. ಕುಣಿಗಲ್ಲಲ್ಲಿ ಒಂದು ಕಾಲೇಜು.”

ಮಾವನವರು ನನ್ನನ್ನೇ ನೋಡಿದರು. ಅಂಗಿಯಿಂದ ಲುಂಗಿಯವರೆಗೂ ನೋಡಿದರು. ಆಮೇಲೆ ತಾವೇ ಎದ್ದು ಸ್ವಿಚ್ಚು ಹಾಕಿದರು.

“ಮೊದ್ಲೇ ಹೇಳ್ಬಾರ್ದಾ? ಹೋಗಿ, ಹೋಗಿ. ನಾನು ಇಲ್ಲೇ ಕೂತಿರ್ತೀನಿ.”

ಸಂದರ್ಶನ ಮುಗಿಯುವ ತನಕ ಅವರು ಪೇಪರು ಮಡಿಚಿಕೊಂಡು ರೌಟರಿಗೆ ಗಾಳಿ ಬೀಸುತ್ತಿದ್ದರಂತೆ. ಇದನ್ನು ನನಗೆ ಹೇಳಿದವಳು ಹೆಂಡತಿ. ಹೇಳುವಾಗ ಅವಳು ನಗಲಿಲ್ಲ.

ಕೆಲಸ ಸಿಕ್ಕಿತು. ಆ ರಾತ್ರಿ ಊಟಕ್ಕೆ ಕೂತಾಗ, ಬಾಡಿಗೆ ಮನೆಯ ಮಾತೆತ್ತಲು ಗಂಟಲು ಸರಿಮಾಡಿಕೊಂಡೆ. ಮಾವನವರು ನನಗೆ ತುಪ್ಪ ಬಡಿಸಲು ತಮ್ಮ ಮಗಳಿಗೆ ಸನ್ನೆ ಮಾಡಿದರು.

“ಬಸ್‌ಸ್ಟ್ಯಾಂಡ್ ಹತ್ರ ವಿಚಾರಿಸ್ಕೊಂಡ್ ಬಂದೆ,” ಎಂದರು. “ಕುಣಿಗಲ್ ಬಸ್ಸಿಗೇನೂ ಬರ ಇಲ್ಲ. ಒಂದ್ ಸಣ್ಣ ನಿದ್ದೆ ತೆಗೆಯೋದ್ರೊಳಗೆ ಊರು ಬಂದ್ಬುಡುತ್ತೆ. ಅಷ್ಟಕ್ಕೆ ಮನೆ ಗಿನೆ ಮಾಡೋ ತಾಪತ್ರಯ ಯಾಕೆ ನಿಮ್ಗೆ?”

ನಾನು ಹೆಂಡತಿಯ ಮುಖ ನೋಡಿದೆ. ಅವಳು ತುಪ್ಪದ ಬಟ್ಟಲನ್ನು ನೋಡಿದಳು. ಒಬ್ಬ ಮನುಷ್ಯ ನಮ್ಮ ಬಿಡುಗಡೆಗೆ ಅರ್ಧ ಗಂಟೆ ಗಾಳಿ ಬೀಸಿದ ಮೇಲೆ ಅವನಿಗೆ ಇಲ್ಲ ಎನ್ನುವ ವಾಕ್ಯ ಇತಿಹಾಸದಲ್ಲಿ ಯಾರಿಗೂ ಹೊಳೆದಂತಿಲ್ಲ.

“ಆಗ್ಲಿ ಮಾವ,” ಎಂದೆ.

ಈಗ ದಿನಾ ಬೆಳಗ್ಗೆ ಬಸ್ಸು ಕುಣಿಗಲ್ ಕೆರೆಯ ಹತ್ತಿರ ಬರುತ್ತಿದ್ದಂತೆ ಫೋನು ಅದುರುತ್ತದೆ. ಅಲ್ಲಿ ಸಿಗ್ನಲ್ ಬಹಳ ಚೆನ್ನಾಗಿದೆ.

“ಸೀಟ್ ಸಿಕ್ತಾ ಅಳಿಯಂದ್ರೆ?”

“ಸಿಕ್ತು ಮಾವ.”

“ಬರೋವಾಗ್ಲೂ ಕಿಟಕಿ ಕಡೆ ಹಿಡ್ಕಳಿ.”