ಫ್ಯಾನ್ ಕೇಳಿದವಳು ನಾನೇ

ಕೋವಿಡ್ ವಾರ್ಡುಗಳನ್ನು ಮುಚ್ಚಿದ ಮರುವರ್ಷ. ನಾನಾಗ ಯಾದಗಿರಿಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ಡ್ರೆಸ್ಸಿಂಗ್ ರೂಮಿನ ಹಿರಿಯ ನರ್ಸ್. ಶಹಾಪುರ, ಸುರಪುರ, ಗುರುಮಠಕಲ್ ಕಡೆಯಿಂದ ಬರುವ ಸುಟ್ಟ ಗಾಯದ ರೋಗಿಗಳಿಗೆ ಕಟ್ಟಿದ ಬ್ಯಾಂಡೇಜ್ ಪಟ್ಟಿ ಬದಲಿಸುವುದು ನನ್ನ ಕೆಲಸ. ಹೊರಗಿನವರಿಗೆ ಇದು ಸಣ್ಣ ಕೆಲಸವಾಗಿ ಕಾಣಬಹುದು. ಆದರೆ ಸುಟ್ಟುಕೊಂಡವರನ್ನು ಕೇಳಿ ನೋಡಿ, ಸುಟ್ಟ ದಿನಕ್ಕಿಂತ ಪಟ್ಟಿ ಬಿಚ್ಚುವ ದಿನಗಳಿಗೇ ಹೆಚ್ಚು ಹೆದರುತ್ತಾರೆ. ಹಳೆಯ ಬಟ್ಟೆ ಗಾಯಕ್ಕೆ ಅಂಟಿರುತ್ತದೆ. ನೋವಿನ ಮಾತ್ರೆ ಕೊಟ್ಟು, ಅದು ಹತ್ತುವವರೆಗೆ ಕಾದು, ಸಲೈನ್ ಸುರಿದು ನೆನೆಸಿ, ಎಳೆ ಎಳೆಯಾಗಿ ಬಿಡಿಸಬೇಕು.

ನನಗೆ ಕೆಲಸ ಕಲಿಸಿದ ಹಿರಿಯ ಸಿಸ್ಟರ್, "ಗಾಯ ಒಮ್ಮೆ ನೋಡು, ಕಣ್ಣ ಹತ್ತು ಸಲ ನೋಡು" ಎನ್ನುತ್ತಿದ್ದರು. ನಮ್ಮ ಕಡೆಯ ಹೆಣ್ಣುಮಕ್ಕಳು ಜೀವ ಹೋಗುವಷ್ಟು ನೋವಿದ್ದರೂ "ಆರಾಮ ಅದೀನ್ರಿ" ಅನ್ನುವವರೇ. ಕಣ್ಣಂಚು ಬಿಗಿಯಿತೋ, ಕೈ ನಿಲ್ಲಿಸಿ ಇನ್ನಷ್ಟು ಸಲೈನ್ ಹಾಕಬೇಕು. ನನ್ನ ವಿದ್ಯೆಯೆಲ್ಲ ಇಷ್ಟೇ. ಇಷ್ಟರಿಂದಲೇ ನನ್ನ ಕೈ ಹಗುರ ಎಂಬ ಹೆಸರು ಬಂದಿತ್ತು, ಆ ಹೆಸರಿನ ಮೇಲೆ ನನಗೆ ಪ್ರೀತಿಯೂ ಇತ್ತು.

ಆಗ ಬಂದದ್ದು ವಿಆರ್ ಹೆಡ್‌ಸೆಟ್. ಎರಡೂ ಕಣ್ಣನ್ನು ಪೂರ್ತಿ ಮುಚ್ಚಿ ತಲೆಗೆ ಬಿಗಿಯುವ, ಅರ್ಧ ಕೆಜಿಯಷ್ಟು ತೂಗುವ ಡಬ್ಬಿ. ಹಾಕಿಕೊಂಡವರಿಗೆ ಸುತ್ತಲೂ ಸಮುದ್ರದ ತಳ, ಬಣ್ಣಬಣ್ಣದ ಮೀನು. ಮನಸ್ಸು ಮೀನಿನ ಹಿಂದೆ ಹೋದರೆ ನೋವಿನ ಕಡೆ ಗಮನ ಕಡಿಮೆಯಾಗುತ್ತದೆ ಎಂಬುದು ಇದರ ಹಿಂದಿನ ತತ್ವ. ಅದು ಸುಳ್ಳೂ ಅಲ್ಲ, ಎಷ್ಟೋ ರೋಗಿಗಳಿಗೆ ಉಪಕಾರವಾದದ್ದನ್ನು ಕಂಡಿದ್ದೇನೆ. ಒಂದು ಕಂಪನಿ ಪರೀಕ್ಷೆಗೆಂದು ಪುಕ್ಕಟೆ ಕೊಟ್ಟಿತ್ತು. ಬಳಸಿ ನೋಡಿ, ಮುಂದಿನ ಮಾಡೆಲ್ ಹೇಗಿರಬೇಕು ಎಂದು ನಾವು ಹೇಳಬೇಕಿತ್ತು. ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದನಂತೆ. ನಾನೂ ಬಂದವರಿಗೆಲ್ಲ ಅದನ್ನು ತೊಡಿಸಲು ತುದಿಗಾಲಲ್ಲಿ ನಿಂತೆ.

ಖೈರೂನ್‌ಬಿ ಶಹಾಪುರದ ಬಜಾರಿನಲ್ಲಿ ಬಳೆ ಅಂಗಡಿ ಇಟ್ಟುಕೊಂಡವರು. ಒಲೆಯ ಮೇಲಿಂದ ಜಾರಿದ ಎಣ್ಣೆಯ ಬಾಂಡ್ಲಿಯನ್ನು ಹಿಡಿಯಲು ಹೋಗಿ ಬಲ ಅಂಗೈಯೂ ಬೆರಳುಗಳೂ ಬೆಂದಿದ್ದವು. ಅಂಗೈ ಸುಟ್ಟಾಗ ಅಪಾಯವಿರುವುದು ಗಾಯ ಮಾಯುವ ಹೊತ್ತಿನಲ್ಲೇ. ಹೊಸ ಚರ್ಮ ಸೆಳೆದುಕೊಂಡು ಬೆರಳುಗಳನ್ನು ಒಳಕ್ಕೆ ಮಡಚುತ್ತದೆ. ಇದನ್ನು ನಾವು ಕಾಂಟ್ರ್ಯಾಕ್ಚರ್ ಎನ್ನುತ್ತೇವೆ. ಅದಾಗದಂತೆ ಪ್ರತಿ ಬೆರಳಿಗೂ ಬೇರೆ ಬೇರೆ ಪಟ್ಟಿ ಸುತ್ತಬೇಕು, ಪಟ್ಟಿ ಬದಲಿಸಿದಾಗಲೆಲ್ಲ ಬೆರಳು ಬಿಡಿಸಿ ಆಡಿಸಬೇಕು. ತಪ್ಪದೆ ಬಂದರೆ ಕೈ ಉಳಿಯುತ್ತದೆ, ಬಿಟ್ಟರೆ ಹೋಗುತ್ತದೆ. ಆಕೆ ಮೊದಲ ದಿನವೇ ಕೇಳಿದ್ದರು, "ಸಿಸ್ಟರ್, ಮತ್ತ ಬಳಿ ತೊಡಸ್ಲಿಕ್ಕ ಬರ್ತದಲ್ರಿ?"

"ಬರ್ತದ್ರಿ. ನೀವು ತಪ್ಪದ ಬರ್ರಿ, ಉಳಿದದ್ದು ನನಗ ಬಿಡ್ರಿ" ಎಂದು ನಾನು ಮಾತು ಕೊಟ್ಟಿದ್ದೆ.

ಹೆಡ್‌ಸೆಟ್ ಬರುವ ಮೊದಲು ಆಕೆಗೆ ಕೆಲವು ಸಲ ಹಳೆಯ ಪದ್ಧತಿಯಲ್ಲೇ ಪಟ್ಟಿ ಬದಲಿಸಿದ್ದೆ. ಹೆಡ್‌ಸೆಟ್ ತೊಡಿಸಿದ ದಿನ ಕಂಪನಿಯ ಇಂಜಿನಿಯರ್ ಬಂದಿದ್ದರು. ಡಾಕ್ಟರನ್ನೂ ಇಬ್ಬರು ನರ್ಸ್‌ಗಳನ್ನೂ ನಾನೇ ಕರೆದು ನಿಲ್ಲಿಸಿದ್ದೆ. ಮಾತ್ರೆ ಕೊಟ್ಟೆ, ಆದರೆ ಅದು ಹತ್ತುವವರೆಗೆ ಕಾಯಲಿಲ್ಲ, ಮೀನುಗಳಿದ್ದಾವಲ್ಲ! ನೆನೆಸುವುದನ್ನೂ ಅರ್ಧಕ್ಕೆ ಬಿಟ್ಟೆ. ಬಟ್ಟೆ ಬಿಡಿಸುತ್ತ "ಹ್ಯಾಂಗದ ಖೈರೂನ್‌ಬಿ?" ಎಂದೆ.

"ಭಾಳ ಚಂದ ಅದಾವ್ರಿ ಮೀನ" ಎಂದರು. ಧ್ವನಿ ಅಲುಗಲಿಲ್ಲ. ಡಾಕ್ಟರು ನನ್ನನ್ನು ಮೆಚ್ಚಿ ಮಾತಾಡಿದರು. ನಾನು ಹಿಗ್ಗಿದೆ.

ಹೆಡ್‌ಸೆಟ್ ತೆಗೆದಾಗ ಕಣ್ಣಿನ ಸುತ್ತ ಕೂರುವ ಸ್ಪಂಜು ತೊಯ್ದು ತೊಪ್ಪೆಯಾಗಿತ್ತು. ಆಕೆ ಆಚೆ ತಿರುಗಿ ಸೆರಗಿನಿಂದ ಮುಖ ಒರೆಸಿಕೊಂಡರು. ಯಾದಗಿರಿಯ ಬೇಸಿಗೆ, ಬೆವರು ಎಂದುಕೊಂಡೆ. ಸ್ಪಂಜು ಒರೆಸುತ್ತಲೇ ಇಂಜಿನಿಯರ್‌ಗೆ ಹೇಳಿದೆ, "ನಮ್ಮ ಕಡೆ ಬಿಸಲಿಗೆ ಇದು ನಡ್ಯಂಗಿಲ್ರಿ. ಮುಂದಿನದಕ್ಕ ಒಳಗೊಂದು ಸಣ್ಣ ಫ್ಯಾನ್ ಇಡ್ರಿ. ತೂಕಾನೂ ಕಡಿಮಿ ಮಾಡ್ರಿ." ಅವರು ಮೊಬೈಲಿನಲ್ಲಿ ಬರೆದುಕೊಂಡರು.

ಮುಂದಿನ ಸಲ ಖೈರೂನ್‌ಬಿ ಬರಲಿಲ್ಲ. ಫೋನ್ ಮಾಡಿದರೆ, ತಾವು ಊರಲ್ಲಿಲ್ಲ ಎಂದರು. ಮತ್ತೊಮ್ಮೆ ಮಾಡಿದಾಗ ಎತ್ತಲಿಲ್ಲ. ನೋವಿಲ್ಲದಂತೆ ಮಾಡಿಕೊಟ್ಟರೂ ಬರುವುದಿಲ್ಲವಲ್ಲ, ಈ ಜನರಿಗೆ ಏನು ಮಾಡಿದರೂ ಅಷ್ಟೇ ಎಂದು ಎಲ್ಲರೆದುರು ಗೊಣಗಿದೆ. ಆ ಗೊಣಗಾಟ ನೆನಪಾದರೆ ಈಗಲೂ ಮೈ ಮುದುಡುತ್ತದೆ. ಶಹಾಪುರವೇನು ದೂರವೇ? ಒಂದು ಬಸ್ಸು ಹತ್ತಿ ಹೋಗಿ ನೋಡಬಹುದಿತ್ತು. ಹೋಗಲಿಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ ಆಕೆ ಬಂದರು. ಊರಲ್ಲೇ ಯಾರೋ ಕೊಟ್ಟ ಎಣ್ಣೆ ಹಚ್ಚಿಕೊಂಡು ಗಾಯ ಮಾಯಿತ್ತು. ಉಂಗುರದ ಬೆರಳು, ಕಿರುಬೆರಳು ಎರಡೂ ಅಂಗೈಗೆ ಮಡಚಿ ಕೂತಿದ್ದವು. ಬಿಡಿಸಲು ಹೋದೆ, ಅಲುಗಲಿಲ್ಲ.

"ಯಾಕ ಬರಲಿಲ್ರಿ? ಅವತ್ತು ಮೀನ ಭಾಳ ಚಂದ ಅದಾವ ಅಂದಿದ್ರಿ."

ಆಕೆ ಮಡಚಿದ ಬೆರಳುಗಳನ್ನು ಸೆರಗಿನಡಿ ಸರಿಸಿಕೊಂಡರು. "ಜೀವ ಹೋಗಿತ್ತರಿ ಸಿಸ್ಟರ್. ಮೊದಲ ಮೀನ ಕಂಡ್ವು. ಆಮ್ಯಾಲ ಕಣ್ಣಾಗ ನೀರ ತುಂಬಿ ಏನೂ ಕಾಣಲಿಲ್ಲ. ನೀವು ಅಷ್ಟು ಮಂದೀನ ಕರದು ತೋರಸ್ಲಿಕ್ಕತ್ತಿದ್ರಿ. ನೋಯ್ತದ ಅಂದ್ರ ನಿಮಗ ಅವಮಾನ ಆಗ್ತಿತ್ತಲ್ರಿ. ಅದಕ್ಕ ಸುಮ್ಮನಿದ್ದೆ. ಮತ್ತ ಬರ್ಲಿಕ್ಕ ಧೈರ್ಯ ಆಗಲಿಲ್ಲ."

ಆಗ ನನಗೆ ಆ ಸ್ಪಂಜು ನೆನಪಾಯಿತು. ನನ್ನ ಮರ್ಯಾದೆ ಉಳಿಸಲು ಆಕೆ ಬಾಯಿ ಕಚ್ಚಿ ಹಿಡಿದಿದ್ದರು. ಕಣ್ಣೀರನ್ನು ಕೈಯಲ್ಲಿ ಹಿಡಿದೂ ನಾನು ಬೆವರು ಎಂದಿದ್ದೆ. ಮಾಡಿದ್ದುಣ್ಣೋ ಮಹಾರಾಯ ಎನ್ನುತ್ತಾರೆ. ಇಲ್ಲಿ ಮಾಡಿದವಳು ನಾನು, ಉಂಡವರು ಅವರು.

ಕಲಬುರಗಿಯಲ್ಲಿ ಆಪರೇಷನ್ ಆಯಿತು. ಜೊತೆಗೆ ನಾನೂ ಹೋಗಿದ್ದೆ. ಉಂಗುರದ ಬೆರಳು ನೆಟ್ಟಗಾಯಿತು. ಕಿರುಬೆರಳು ಆಗಲಿಲ್ಲ.

ಹೋದ ವರ್ಷ ಇಂಜಿನಿಯರ್ ಹೊಸ ಮಾಡೆಲ್ ತಂದರು. ಹಗುರವಾಗಿತ್ತು, ಚಿತ್ರವೂ ಸ್ವಚ್ಛ. ಅದರ ಗುಂಡಿ ಒತ್ತಿ, ಒಳಗೆ ಗಾಳಿ ಸುಯ್ಯೆನ್ನುವುದನ್ನು ಹೆಮ್ಮೆಯಿಂದ ಕೇಳಿಸಿದರು. "ನೀವು ಕೇಳಿದ ಫ್ಯಾನ್ ರೀ ಮೇಡಂ. ಈಗ ಒಂದ ಹನಿ ಬೆವರ ನಿಲ್ಲಂಗಿಲ್ಲ ನೋಡ್ರಿ."

ಸ್ಪಂಜು ಮುಟ್ಟಿ ನೋಡಿದೆ. ಒಣಗಿತ್ತು. ಇನ್ನು ಮೇಲೆ ಇದರೊಳಗೆ ಯಾರು ಅತ್ತರೂ ಗುರುತೂ ಉಳಿಯುವುದಿಲ್ಲ, ಅದನ್ನು ಕೇಳಿ ಮಾಡಿಸಿದವಳು ನಾನೇ. "ಅದು ಬೆವರಾಗಿರ್ಲಿಲ್ರಿ" ಎಂದು ನಡೆದದ್ದನ್ನೆಲ್ಲ ಹೇಳಿದೆ. ಅವರ ಮುಖ ಸಪ್ಪಗಾಯಿತು.

ಮುಂದಿನದಕ್ಕೆ ಏನು ಬೇಕೆಂದು ಈ ಸಲ ಯೋಚಿಸಿ ಹೇಳಿದೆ. ಮೀನು ಹೆಚ್ಚು ಬೇಡ, ಬಣ್ಣ ಹೆಚ್ಚು ಬೇಡ. ರೋಗಿಯ ಕಣ್ಣು ನನಗೆ ಕಾಣಬೇಕು. ಇಂಜಿನಿಯರ್, ಒಳಗೆ ಸಣ್ಣ ಕ್ಯಾಮೆರಾ ಇಟ್ಟು ಕಣ್ಣನ್ನು ನಿಮ್ಮ ಪಕ್ಕದ ಪರದೆಯಲ್ಲಿ ತೋರಿಸಬಹುದು, ಪ್ರಯತ್ನ ಮಾಡುತ್ತೇವೆ ಎಂದರು. ಅದು ಬರುವವರೆಗೆ ನನ್ನದೇ ಉಪಾಯ ನಡೆದಿದೆ. ಹೆಡ್‌ಸೆಟ್ ಹಾಕಿದವರ ನೋವಿಲ್ಲದ ಕೈಗೆ, ಒತ್ತಿದರೆ ಪೀಂ ಎನ್ನುವ ರಬ್ಬರ್ ಗೊಂಬೆ ಕೊಡುತ್ತೇನೆ. ಪೀಂ ಎಂದರೆ ನನ್ನ ಕೈ ನಿಲ್ಲುತ್ತದೆ. ಬಾಯಿಬಿಟ್ಟು ಹೇಳಲು ಸಂಕೋಚಪಡುವವರೂ ಗೊಂಬೆ ಒತ್ತುತ್ತಾರೆ. ಮಾತ್ರೆ ಹತ್ತುವವರೆಗೆ ಮೊದಲಿನಂತೆ ಕಾಯುತ್ತೇನೆ, ಯಾರನ್ನೂ ನೋಡಲು ಕರೆಯುವುದಿಲ್ಲ. ಯಂತ್ರ ಎಷ್ಟು ಸುಧಾರಿಸಿದರೂ, ರೋಗಿ ಸುಮ್ಮನಿದ್ದಾರೆಂದರೆ ನೋವಿಲ್ಲ ಎಂದು ತಿಳಿಯಬಾರದು. ವೃತ್ತಿ ನನಗೆ ಕಲಿಸಿದ್ದು ಇದು, ಕಲಿಕೆಯ ಬೆಲೆ ಕೊಟ್ಟವರು ಮಾತ್ರ ಬೇರೆಯವರು.

ಮೊನ್ನೆ ತಂಗಿಯ ಮಗಳ ಮದುವೆಗೆಂದು ರಜೆ ಹಾಕಿ ಶಹಾಪುರಕ್ಕೆ ಹೋದೆ. ಖೈರೂನ್‌ಬಿ ಅಂಗಡಿಯಲ್ಲಿ ಗದ್ದಲ. ಡ್ಯೂಟಿಯಲ್ಲಿ ಸದಾ ಬರಿಗೈಯಲ್ಲಿರುವ ನನ್ನನ್ನು ಬಿಡದೆ ಕೂರಿಸಿಕೊಂಡರು. ಬಗ್ಗಿದ ಕಿರುಬೆರಳನ್ನು ಬದಿಗಿಟ್ಟು, ನನ್ನ ಅಂಗೈ ಮಡಿಸಿ, ಹಸಿರು ಬಳೆ ಏರಿಸತೊಡಗಿದರು. ಬಳೆ ಗೆಣ್ಣಿನ ಮೇಲೆ ಸಿಕ್ಕಿಕೊಂಡಿತು. ಪ್ರಾಣ ಹೋದಂತಾಯಿತು.

"ನೋಯ್ತದೇನ್ರಿ?"

"ಇಲ್ರಿ" ಎಂದೆ. ಅಷ್ಟು ಗಿರಾಕಿಗಳ ಎದುರು, ಆ ಕೈಗೆ, ನೋಯುತ್ತದೆ ಎಂದು ಹೇಗೆ ಹೇಳಲಿ?

ಆಕೆ ತಲೆಯೆತ್ತಿ ನನ್ನ ಮುಖ ನೋಡಿದರು. ಮೆಲ್ಲಗೆ ಬಳೆ ಹಿಂದಕ್ಕೆ ತೆಗೆದು, ಒಂದು ಅಳತೆ ದೊಡ್ಡದನ್ನು ಆರಿಸಿಕೊಂಡರು.

"ಸುಳ್ಳ್ಯಾಕ ಹೇಳ್ತೀರಿ ಸಿಸ್ಟರ್? ನಿಮ್ಮ ಕಣ್ಣ ನನಗ ಕಾಣ್ತಾವಲ್ರಿ."