ಅಪ್ಪ ಹೇಳದ ಮಾತು

ನನ್ನ ಅಪ್ಪ ಆ ಮಾತನ್ನು ಆಡಿಯೇ ಇರಲಿಲ್ಲ. ನಾನು ಆಡಿಸಿದೆ. ತುಂಬಿದ ಸೆಮಿನಾರ್ ಕೋಣೆಯಲ್ಲಿ, ನನಗೆ ವಿದ್ಯೆ ಕೊಟ್ಟ ಗುರುಗಳ ಎದುರಿಗೇ ಕೂತು, ನಡೆಯದೇ ಇದ್ದದ್ದನ್ನು ನಡೆದದ್ದೆಂದು ಹೇಳಿದೆ. ಆ ಸುಳ್ಳಿನಿಂದ ನನಗೆ ಕೆಲಸ ಸಿಕ್ಕಿತು, ಹೆಸರು ಬಂತು — ಅವರ ಪುಸ್ತಕ ಅಚ್ಚಾಗದೆ ಉಳಿಯಿತು.

ಹೇಳಿಬಿಟ್ಟೆ. ಇನ್ನು ಹೇಗಾಯಿತೆಂದು ಹೇಳಬೇಕು.

ದೆಹಲಿಯ ಒಂದು ವಿಶ್ವವಿದ್ಯಾಲಯದಲ್ಲಿ ತತ್ತ್ವಶಾಸ್ತ್ರ ಕಲಿಸುತ್ತೇನೆ. ಮನಸ್ಸು ಎಂದರೇನು, 'ನಾನು' ಅನ್ನುವುದು ಯಾವುದು, ಒಂದು ವಸ್ತು ಇದೆ ಎಂದರೆ ಏನರ್ಥ — ಇವೇ ನನ್ನ ಹೊಟ್ಟೆಪಾಡು. ಕೊಡಗಿನಿಂದ ಬಂದ ನೆಂಟರು ಇದಕ್ಕೂ ಸಂಬಳ ಕೊಡ್ತಾರಾ ಎಂದು ಬೆರಗಾಗಿ ಕೇಳುವುದುಂಟು. ಅಪ್ಪ ಸೇನೆಯಲ್ಲಿ ಸುಬೇದಾರರಾಗಿದ್ದರು. ನಾನು ಓದಿದ್ದೆಲ್ಲ ದಂಡಿನ ಶಾಲೆಗಳಲ್ಲಿ, ಹಿಂದಿಯಲ್ಲಿ, ಇಂಗ್ಲಿಷಿನಲ್ಲಿ. ಮನೆಯಲ್ಲಿ ಕೊಡವ ಮಾತು. ಕನ್ನಡ ನನಗೆ ಕಿವಿಗೆ ಮಾತ್ರ ಗೊತ್ತಿತ್ತು. ಅದನ್ನು ಕೈಗೆ ಕಲಿಸಿದವರು ವಿಮಲಕ್ಕ, ನನ್ನ ಗುರುಗಳಾದ ಕೇಶವಮೂರ್ತಿಯವರ ಹೆಂಡತಿ.

ವಿಮಲಕ್ಕ ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಅಧಿಕಾರಿ. ಲೋಧಿ ಕಾಲೋನಿಯ ಮನೆ ಅವರ ಹೆಸರಿಗೆ ಸಿಕ್ಕಿದ್ದು. ಮೊದಲ ದಿನ ಆಂಟಿ ಎಂದು ಕರೆದೆ. "ಆಂಟಿ ಗೀಂಟಿ ಅನ್ನಬೇಡ ಕಣೇ, ದಿನಾ ಆಫೀಸಲ್ಲಿ ಮೇಡಂ ಅನ್ನಿಸ್ಕೊಂಡು ಸಾಕಾಗಿದೆ. ವಿಮಲಕ್ಕ ಅನ್ನು" ಎಂದರು. ಸಂಜೆ ಕಚೇರಿಯಿಂದ ಬಂದು ಬೇಳೆ ಕುಕ್ಕರಿಗೆ ಹಾಕಿ, ಅದು ಕೂಗುವವರೆಗೆ ನನ್ನಿಂದ ದಿನಪತ್ರಿಕೆ ಓದಿಸುತ್ತಿದ್ದರು — ಊರಿನಿಂದ ಬಂದ ಹಪ್ಪಳಕ್ಕೆ ಸುತ್ತಿದ್ದ ಹಳೆಯ ಹಾಳೆಗಳು! ನಾನು ಒತ್ತಕ್ಷರದಲ್ಲಿ ಎಡವಿದರೆ ಒಳಗಿನಿಂದ ಸರ್ ನಗುವುದು ಕೇಳಿಸುತ್ತಿತ್ತು. ನೀವೀಗ ಓದುತ್ತಿರುವ ಈ ಸಾಲುಗಳೂ ಆ ಮನೆಯ ದಾನ. ಅವರಿಗೆ ಮಾಡಿದ ದ್ರೋಹವನ್ನು ಅವರೇ ಕೊಟ್ಟ ಭಾಷೆಯಲ್ಲಿ ಬರೆಯುತ್ತಿದ್ದೇನೆ. ಬೇರೆ ಯಾವ ಭಾಷೆಯಲ್ಲಿ ಬರೆದರೂ ನುಣುಚಿಕೊಂಡಂತಾಗುತ್ತಿತ್ತು.

ಸರ್ ಪಾಠ ಮಾಡುತ್ತಿದ್ದ ಕ್ರಮವೇ ಬೇರೆ. ಒಂದು ವಾಕ್ಯ ಎತ್ತಿಕೊಂಡರೆ ಇಡೀ ಮಧ್ಯಾಹ್ನ ಅದರಲ್ಲೇ. ನಾನು ಅವರನ್ನು ಖಂಡಿಸಿದರೆ ಅವರ ಮುಖ ಅರಳುತ್ತಿತ್ತು. ಎದುರು ಮಾತಾಡಿದ ಶಿಷ್ಯರಿಗೆ ಚಹಾ ಕೊಡಿಸುವ ಪ್ರೊಫೆಸರರನ್ನು ನಾನು ನೋಡಿದ್ದು ಅವರೊಬ್ಬರನ್ನೇ. ನನ್ನ ತಲೆಯಲ್ಲಿ ಇವತ್ತು ಒಂದು ವಿಚಾರ ನೆಟ್ಟಗೆ ನಿಲ್ಲುತ್ತದೆ ಎಂದರೆ ಅದು ಅವರು ನಿಲ್ಲಿಸಿದ್ದು. ಈ ಋಣದ ಮಾತು ಮೊದಲೇ ಹೇಳಿಬಿಡಬೇಕು, ಮುಂದೆ ಹೇಳಲು ಬಾಯಿ ಬರುವುದಿಲ್ಲ.

ಎರಡು ಸಾವಿರದ ಇಸವಿಯ ಆಸುಪಾಸಿನ ಮಾತು. ಸರ್ ಬಹಳ ಕಾಲದಿಂದ ಒಂದು ಪುಸ್ತಕ ಬರೆಯುತ್ತಿದ್ದರು, ಗಾಢನಿದ್ರೆಯ ಮೇಲೆ. ಕನಸೂ ಇಲ್ಲದ ನಿದ್ದೆಯಿಂದ ಎದ್ದವನು "ಚೆನ್ನಾಗಿ ನಿದ್ದೆ ಬಂತು" ಅನ್ನುತ್ತಾನಲ್ಲ, ಅದು ಅವನಿಗೆ ಹೇಗೆ ಗೊತ್ತಾಯಿತು? ಗೊತ್ತಾಗಿದೆ ಎಂದರೆ ಆ ನಿದ್ದೆಯೊಳಗೂ ಏನೋ ಒಂದು ಅರಿವು ಎಚ್ಚರವಾಗಿದ್ದಿರಬೇಕು. ಎದ್ದ ಮೇಲೆ ಆಡುವ ಮಾತು ಅದರ ನೆನಪು. ಹಳೆಯ ಪ್ರಶ್ನೆಯೇ. ಆದರೆ ಸರ್ ಅದನ್ನು ಶಾಸ್ತ್ರದಿಂದ ಇಳಿಸಿ ಮನುಷ್ಯರ ಹತ್ತಿರ ತಂದಿದ್ದರು. ಹಾಲಿನ ಬೂತಿನ ಭಯ್ಯಾನಿಂದ ಹಿಡಿದು ತಮ್ಮ ಅತ್ತೆಯವರ ತನಕ ಕಂಡಕಂಡವರನ್ನು ಬೆಳಿಗ್ಗೆ ಹಿಡಿದು ನಿಲ್ಲಿಸಿ, ಎದ್ದ ಕೂಡಲೇ ನಿಮಗೆ ಏನನ್ನಿಸಿತು ಎಂದು ಕೇಳುತ್ತಿದ್ದರು.

ಅದಕ್ಕೇ ಅವರ ಶುಕ್ರವಾರದ ಸೆಮಿನಾರಿನಲ್ಲಿ ಒಂದು ಕಟ್ಟಳೆ ಇತ್ತು: ಊಹೆಯ ಉದಾಹರಣೆ ನಡೆಯುವುದಿಲ್ಲ. ನಮ್ಮ ವಿದ್ಯೆಯಲ್ಲಿ ಊಹೆಯೇ ಬಂಡವಾಳ. 'ಒಬ್ಬ ಮನುಷ್ಯನಿದ್ದಾನೆ ಎಂದಿಟ್ಟುಕೊಳ್ಳಿ' ಎಂದು ಶುರು ಮಾಡಿ, ಅವನ ಮೆದುಳು ಬದಲಿಸಿ, ಒಬ್ಬನನ್ನು ಇಬ್ಬರಾಗಿಸಿ, ಏನು ಬೇಕಾದರೂ ಮಾಡುತ್ತೇವೆ. ಯಾರೂ ಅದನ್ನು ಸುಳ್ಳು ಅನ್ನುವುದಿಲ್ಲ. ಸರ್ ಮಾತ್ರ ಒಪ್ಪುತ್ತಿರಲಿಲ್ಲ. ಸೆಮಿನಾರು ಇಂಗ್ಲಿಷಿನಲ್ಲಿ, ನನ್ನನ್ನು ಕೆಣಕುವುದು ಮಾತ್ರ ಕನ್ನಡದಲ್ಲಿ. "ದೇಚಮ್ಮ, ನಿಮ್ಮ ಆ ಊಹೆಯ ಮನುಷ್ಯನ ಮನೆ ಅಡ್ರೆಸ್ ಕೊಡಿ, ನಾನೇ ಹೋಗಿ ಕೇಳ್ಕೊಂಡು ಬರ್ತೀನಿ."

ಆ ಶುಕ್ರವಾರ ಅವರು ಪುಸ್ತಕದ ಕೊನೆಯ ಅಧ್ಯಾಯ ಓದಿದರು. ಹಸ್ತಪ್ರತಿ ಆಗಲೇ ಪ್ರಕಾಶಕರ ಕೈ ಸೇರಿತ್ತು. ನಾನಾಗ ತಾತ್ಕಾಲಿಕ ಉಪನ್ಯಾಸಕಿ. ಕೆಲವು ತಿಂಗಳಿಗೊಮ್ಮೆ ಮುಂದುವರಿಸುತ್ತಾರೋ ಇಲ್ಲವೋ ಎಂದು ಜೀವ ಕೈಯಲ್ಲಿ ಹಿಡಿದು ಕೂರುವ ಕೆಲಸ. ಕಾಯಂ ಹುದ್ದೆಯ ಸಂದರ್ಶನ ಹತ್ತಿರ ಬಂದಿತ್ತು. ಅದರ ಸಮಿತಿಯಲ್ಲಿ ಕೂರಬೇಕಾದವರೊಬ್ಬರು ಅಂದು ಸೆಮಿನಾರಿಗೂ ಬಂದಿದ್ದರು. ಏನಾದರೂ ಹೇಳಿ ಕಾಣಿಸಿಕೊಳ್ಳಬೇಕು — ಅಷ್ಟೇ ನನ್ನ ತಲೆಯಲ್ಲಿ.

ನನ್ನ ಬಳಿ ಒಂದು ಆಕ್ಷೇಪವಿತ್ತು. ಶಸ್ತ್ರಚಿಕಿತ್ಸೆಗೆ ಕೊಡುವ ಕೆಲವು ಮದ್ದುಗಳು ನಿದ್ದೆ ತರುವುದಕ್ಕಿಂತ ನೆನಪನ್ನು ಅಳಿಸುತ್ತವೆ ಎಂದು ಎಲ್ಲೋ ಓದಿದ್ದೆ. ರೋಗಿ ಒಳಗೆ ನರಳಿರಬಹುದು, ಬೇಡ ಬೇಡ ಎಂದು ಕೂಗಿರಬಹುದು. ಹೊರಗೆ ಬಂದು "ಚೆನ್ನಾಗಿ ನಿದ್ದೆ ಬಂತು" ಅನ್ನಬಹುದು. ಅಂದರೆ ಸರ್ ನೆಚ್ಚಿಕೊಂಡ ಆ ಮಾತು ನಿದ್ದೆಯ ನೆನಪೇ ಅಲ್ಲ, ನೆನಪಿಲ್ಲದ ಜಾಗಕ್ಕೆ ಹಾಕಿದ ತೇಪೆ. ಹೀಗೆಂದು ಹೇಳಿದೆ. ಸರ್ ಎಂದಿನಂತೆ ನಕ್ಕರು.

"ಹಾಗೆ ಅಂದವರು ಯಾರು? ಅಡ್ರೆಸ್ ಕೊಡಿ."

ಕೋಣೆಯೆಲ್ಲ ನಕ್ಕಿತು. ಸಮಿತಿಯ ಆ ಹಿರಿಯರೂ ನಕ್ಕರು. ನನಗೆ ಕಿವಿ ಬಿಸಿಯಾಯಿತು. ಹಿಂದಿನ ತಿಂಗಳಷ್ಟೇ ಅಪ್ಪನಿಗೆ ಹರ್ನಿಯಾ ಆಪರೇಷನ್ ಆಗಿತ್ತು —

"ನಮ್ಮ ತಂದೆ ಸರ್" ಎಂದುಬಿಟ್ಟೆ. "ಒಳಗೆ ಪೂರ್ತಿ ನರಳ್ತಾ ಇದ್ರು ಅಂತ ನರ್ಸ್ ಹೇಳಿದ್ರು. ಎದ್ದು 'ಚೆನ್ನಾಗಿ ನಿದ್ದೆ ಬಂತು' ಅಂದ್ರು."

ಯಾವ ನರ್ಸೂ ಹಾಗೆ ಹೇಳಿರಲಿಲ್ಲ. 'ಎಂದಿಟ್ಟುಕೊಳ್ಳಿ' ಅನ್ನುವ ಒಂದು ಮಾತನ್ನು ನಾನು ನುಂಗಿದ್ದೆ. ಬೇರೆ ಯಾವ ಸೆಮಿನಾರಿನಲ್ಲಾದರೂ ಅದರಿಂದ ಏನೂ ಆಗುತ್ತಿರಲಿಲ್ಲ.

ಸರ್ ನಗು ನಿಲ್ಲಿಸಿದರು. ಎದುರಿನ ಹಾಳೆಗಳನ್ನು ಮುಚ್ಚಿಟ್ಟರು. ಆಮೇಲೆ ಇಂಗ್ಲಿಷಿನಲ್ಲಿ, ಎಲ್ಲರಿಗೂ ಕೇಳುವಂತೆ, ಹಾಗಾದರೆ ನಾನು ತಪ್ಪು ಎಂದರು. ಮುಂದಿನ ವಾರ ಹಸ್ತಪ್ರತಿಯನ್ನು ಪ್ರಕಾಶಕರಿಂದ ವಾಪಸು ತರಿಸಿಕೊಂಡರು. ಅದನ್ನು ಮತ್ತೆ ಮತ್ತೆ ಟೈಪು ಮಾಡಿದ್ದ ವಿಮಲಕ್ಕ ನನ್ನ ಮೇಲೆ ರೇಗಲಿಲ್ಲ. "ಇವರಿಗೆ ಸರಿಯಾಗಿ ಉತ್ತರ ಕೊಡೋ ಹುಡುಗಿ ಸಿಕ್ಕಳಲ್ಲ ಬಿಡು" ಎಂದು ನನಗೇ ಇನ್ನೊಂದು ಸೌಟು ಹುಳಿ ಬಡಿಸಿದರು. ಆ ಆಕ್ಷೇಪವನ್ನು ಲೇಖನವಾಗಿ ಬರೆಯಿರಿ ಎಂದು ಹುರಿದುಂಬಿಸಿದವರು ಸರ್; ತಿದ್ದಿದವರೂ ಅವರೇ. ಅದು ವಿದೇಶದ ಪತ್ರಿಕೆಯಲ್ಲಿ ಬಂತು. ನನಗೆ ಕೆಲಸವಾಯಿತು. ತರಗತಿಗಳಲ್ಲಿ ಇಂದಿಗೂ ಹುಡುಗರು 'ಸುಬೇದಾರರ ಉದಾಹರಣೆ' ಎಂದು ಅದನ್ನು ಓದುತ್ತಾರೆ.

ಹೇಳಬಹುದಿತ್ತು. ಮರುದಿನವೇ ಲೋಧಿ ಕಾಲೋನಿಗೆ ಹೋಗಿ ಹೇಳಬಹುದಿತ್ತು. ಸಂದರ್ಶನ ಮುಗಿಯಲಿ ಎಂದುಕೊಂಡೆ. ಲೇಖನ ಬರಲಿ ಎಂದುಕೊಂಡೆ. ಆಮೇಲೆ — ಆಮೇಲೆ ಅಂದುಕೊಳ್ಳುವುದನ್ನೂ ಬಿಟ್ಟೆ. ಆಕ್ಷೇಪ ತಾನಾಗಿಯೇ ಗಟ್ಟಿಯಾಗಿತ್ತಲ್ಲ, ಉದಾಹರಣೆ ಯಾರದಾದರೇನು ಎಂದು ನನಗೆ ನಾನೇ ಪಾಠ ಮಾಡಿಕೊಂಡೆ. ಅದು ಗಟ್ಟಿಯೋ ಜೊಳ್ಳೋ ನನಗೆ ಇವತ್ತಿಗೂ ತಿಳಿಯದು. ಸರ್ ಪುಸ್ತಕ ಹಿಂದಕ್ಕೆ ಪಡೆದದ್ದು ಆಕ್ಷೇಪಕ್ಕೆ ಹೆದರಿ ಅಲ್ಲ, ಒಬ್ಬ ಮನುಷ್ಯನ ಮಾತಿಗೆ ಬೆಲೆ ಕೊಟ್ಟು. ಅದು ನನಗೆ ಆಗಲೇ ಗೊತ್ತಿತ್ತು.

ಕೆಲವು ವರ್ಷಗಳ ನಂತರ ಇಂದಿರಾಪುರಂನಲ್ಲಿ ಫ್ಲ್ಯಾಟು ಕೊಂಡೆ. ಅಮ್ಮ ತೀರಿಕೊಂಡ ಮೇಲೆ ಅಪ್ಪ ನನ್ನ ಜೊತೆಗೇ ಇದ್ದರು. ಗೃಹಪ್ರವೇಶಕ್ಕೆ ಸರ್, ವಿಮಲಕ್ಕ ಇಬ್ಬರೂ ಆಟೋ ಹಿಡಿದು ಯಮುನೆ ದಾಟಿ ಬಂದರು. ಅವರಿಬ್ಬರೂ ಅಪ್ಪನೂ ಎಂದೂ ಎದುರಾಗದಂತೆ ಅಷ್ಟು ವರ್ಷ ನಿಭಾಯಿಸಿದ್ದೆ. ಅಂದು ತಪ್ಪಿಸಲಾಗಲಿಲ್ಲ. ಅಪ್ಪ ಬ್ಲೇಜರ್ ಹಾಕಿಕೊಂಡು ಬಾಗಿಲಲ್ಲೇ ನಿಂತಿದ್ದರು. ಸರ್ ಅವರ ಕೈ ಹಿಡಿದವರು ಬಿಡಲೇ ಇಲ್ಲ.

"ಸುಬೇದಾರ್ ಸಾಹೇಬರೇ, ನಿಮ್ಮನ್ನ ನೋಡಬೇಕು ಅಂತ ಎಷ್ಟು ವರ್ಷದ ಆಸೆ. ಆಪರೇಷನ್ ಆಗಿ ಎದ್ದು 'ಚೆನ್ನಾಗಿ ನಿದ್ದೆ ಬಂತು' ಅಂದ್ರಂತಲ್ಲ?"

ಚಹಾದ ಟ್ರೇ ಹಿಡಿದು ನಾನು ಅಲ್ಲೇ ಇದ್ದೆ. ಅಪ್ಪ ನನ್ನ ಮುಖವನ್ನು ಒಮ್ಮೆ ನೋಡಿದರು. ಇಡೀ ಜೀವಮಾನ ಒಂದು ಸುಳ್ಳು ವರದಿ ಕೊಟ್ಟವರಲ್ಲ, ಅದಕ್ಕಾಗಿ ಬಡ್ತಿಯೊಂದನ್ನೂ ಕಳೆದುಕೊಂಡವರು.

"ಹೌದು ಸಾರ್" ಎಂದರು. "ಹಾಗೇ ಅಂದಿದ್ದೆ."

ಅತಿಥಿಗಳು ಹೋದ ಮೇಲೆ ಅಪ್ಪ ಬ್ಲೇಜರ್ ಕಳಚಿ ಮಡಿಸಿಟ್ಟರು. ಏನಾದರೂ ಕೇಳಲಿ ಎಂದು ಕಾದೆ. ನಿನ್ನ ಮೇಷ್ಟ್ರು ಒಳ್ಳೆಯ ಮನುಷ್ಯ ಎಂದಷ್ಟೇ ನಮ್ಮ ಮಾತಿನಲ್ಲಿ ಹೇಳಿ ಬಾಲ್ಕನಿಗೆ ಹೋದರು. ಮುಂದೆ ಆ ವಿಷಯ ಎತ್ತಲಿಲ್ಲ. ನನಗಾಗಿ ಅವರು ಮಾಡಿದ್ದೆಲ್ಲಕ್ಕೂ ನಾನು ಋಣಿ. ಅದೊಂದನ್ನು ಮಾತ್ರ ಅವರು ಮಾಡಬೇಕಾಗಿ ಬರಬಾರದಿತ್ತು. ನನ್ನ ಸುಳ್ಳು ನನ್ನದು. ಅವರ ಬಾಯಿಗೆ ಅದನ್ನು ತಂದದ್ದಕ್ಕೆ ಏನು ಹೇಳಲಿ —

ಹೋದ ವರ್ಷ ಅಪ್ಪ ತೀರಿಕೊಂಡರು. ಅಂತ್ಯಸಂಸ್ಕಾರ ಮುಗಿಸಿ ಊರಿಂದ ಬಂದ ಮೇಲೆ ತರಗತಿಯಲ್ಲಿ ಆ ಉದಾಹರಣೆ ಹೇಳಲು ಹೋಗಿ ಅರ್ಧಕ್ಕೇ ನಿಲ್ಲಿಸಿದೆ. ಹುಡುಗರಿಗೆ ಹೊರಡಲು ಹೇಳಿ ತರಗತಿ ಮುಗಿಸಿದೆ. ಪತ್ರಿಕೆಯ ಸಂಪಾದಕರಿಗೆ ಬರೆದು ಲೇಖನವನ್ನು ಹಿಂದಕ್ಕೆ ತೆಗೆದುಕೊಂಡೆ, ಕಾರಣವನ್ನೂ ಬಿಡದೆ ತಿಳಿಸಿದೆ. ವಿಭಾಗಕ್ಕೂ ತಿಳಿಸಿದೆ, ಅವರು ಏನು ತೀರ್ಮಾನಿಸಿದರೂ ಸರಿ. ಆಮೇಲೆ ಮೆಟ್ರೋ ಹತ್ತಿ ರೋಹಿಣಿಗೆ ಹೋದೆ. ವಿಮಲಕ್ಕ ನಿವೃತ್ತರಾಗಿ ಸರ್ಕಾರಿ ಮನೆ ಬಿಟ್ಟ ಮೇಲೆ ಅವರಿಬ್ಬರೂ ಅಲ್ಲಿ ಮಗಳ ಮನೆಯಲ್ಲಿದ್ದಾರೆ.

ಬೆಳಗಿನ ಬಿಸಿಲಿಗೆ ಕುರ್ಚಿ ಹಾಕಿಕೊಂಡು ಸರ್ ಕೂತಿದ್ದರು. ಕಣ್ಣು ಮಂದವಾಗಿದೆ, ತಲೆ ಹಾಗೆಯೇ ಇದೆ. ಎಲ್ಲವನ್ನೂ ಹೇಳಿದೆ. ಕ್ಷಮಿಸಿ ಅನ್ನಲಿಲ್ಲ, ಕ್ಷಮಿಸಿಬಿಡುತ್ತಾರೆ ಎಂಬ ಭಯ. ವಿಮಲಕ್ಕ ಬಿಡಿಸುತ್ತಿದ್ದ ಬಟಾಣಿಯನ್ನು ಹಾಗೇ ಬಿಟ್ಟು ಎದ್ದು ಒಳಗೆ ಹೋದರು. ಅವರು ಮತ್ತೆ ಹೊರಗೆ ಬರಲಿಲ್ಲ. ಅದು ನ್ಯಾಯವೇ.

ಅವರು ಬಿಟ್ಟುಹೋದ ಬಟಾಣಿಯ ತಟ್ಟೆಯನ್ನು ಸರ್ ತಮ್ಮ ಕಡೆಗೆ ಎಳೆದುಕೊಂಡರು.

"ನಿಮ್ಮ ಮನೆಗೆ ಬಂದಿದ್ದೆನಲ್ಲ, ಅವತ್ತು ನಾನೂ ತಪ್ಪು ಮಾಡಿದೆ" ಎಂದರು. "ಮಾತನ್ನ ನಾನೇ ಅವರ ಬಾಯಿಗೆ ಕೊಟ್ಟೆ. ಹಾಗೆ ಕೇಳಬಾರದು. ಏನನ್ನಿಸ್ತು ಅಂತ ಕೇಳಿ ಸುಮ್ಮನಿರಬೇಕು."

ತಪ್ಪು ನಿಮ್ಮದಲ್ಲ ಸರ್ ಎಂದೆ. ಅದು ಅವರಿಗೆ ಕೇಳಿಸಿದಂತಿರಲಿಲ್ಲ. ಕುರ್ಚಿಯಲ್ಲಿ ಮುಂದಕ್ಕೆ ಬಾಗಿದರು. ಹಿಂದೆ ಶುಕ್ರವಾರಗಳಲ್ಲಿ ಅರಳುತ್ತಿದ್ದ ಮುಖವೇ ಅದು, ಸಿಟ್ಟಿನ ಸುಳಿವೂ ಇರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

"ಅದಿರಲಿ ದೇಚಮ್ಮ. ಹಾಗಾದ್ರೆ ನಿಮ್ಮ ತಂದೆ ಎದ್ದ ಮೇಲೆ ನಿಜವಾಗಿ ಏನಂದ್ರು?"

ಆಪರೇಷನ್ನಿನ ದಿನ ನಾನು ಆಸ್ಪತ್ರೆ ತಲುಪುವಷ್ಟರಲ್ಲಿ ಅಪ್ಪ ಎದ್ದು ಕೂತು ಗಂಜಿ ಕುಡಿಯುತ್ತಿದ್ದರು. ಡಿಸ್ಚಾರ್ಜ್ ಯಾವಾಗ ಎಂದು ಡಾಕ್ಟರನ್ನು ಕೇಳಿದೆ. ಬಿಲ್ಲಿನ ವಿಚಾರ ಕೇಳಿದೆ. ನಂತರ ಎಷ್ಟೋ ವರ್ಷ ಅಪ್ಪ ಒಂದೇ ಸೂರಿನಡಿ, ನನ್ನ ಪಕ್ಕದ ಕೋಣೆಯಲ್ಲಿ ಮಲಗಿ ಏಳುತ್ತಿದ್ದರು. ಮನುಷ್ಯನ ಮನಸ್ಸಿನೊಳಗೆ ಏನಾಗುತ್ತದೆ ಎಂದು ನಾನು ಪಾಠ ಹೇಳಿಕೊಂಡೇ ಇದ್ದೆ, ಅವರ ಹೆಸರು ಹೇಳಿ ಬೆಳೆದೆ.

ಸರ್ ನನ್ನ ಉತ್ತರಕ್ಕೆ ಕಾಯುತ್ತಿದ್ದರು.

"ಗೊತ್ತಿಲ್ಲ ಸರ್" ಎಂದೆ. "ನಾನು ಕೇಳಲೇ ಇಲ್ಲ."